ಕರಡಿಗಲ್ಲ, ನೀರಿಗೆ ಹೆದರಿ

ಮಾನ್ಯ ಸಂಪಾದಕರೇ,

ರಜೆಗೆ ಅಮೆರಿಕದ ಮಕ್ಕಳ ಮನೆಗೆ ಹೋಗುವವರಿಗಾಗಿ ನಿಮ್ಮ ಪ್ರವಾಸ ಪುರವಣಿಯಲ್ಲಿ ಬಂದ ಲೇಖನ ಓದಿದೆವು. ಮಿಷಿಗನ್ ರಾಜ್ಯದ ವಾಯವ್ಯ ಭಾಗದ ಪೋರ್ಕ್ಯುಪೈನ್ ಮೌಂಟನ್ಸ್ ಸ್ಟೇಟ್ ಪಾರ್ಕಿನ ವರ್ಣನೆಗೆ ನಮ್ಮ ತಕರಾರಿಲ್ಲ; ಟೆಂಟ್ ಹೂಡಿ ಎರಡು ರಾತ್ರಿ ಕಳೆಯಲು ಅಂಥ ಜಾಗ ಸಿಗುವುದು ಅಪರೂಪ. ಆದರೆ ಎಚ್ಚರಿಕೆಯ ಮಾತೆಲ್ಲ ಕರಡಿಗೇ ಮೀಸಲಾಗಿ, ಪಾರ್ಕಿಗೆ ತಾಗಿಕೊಂಡಿರುವ ಸುಪೀರಿಯರ್ ಸರೋವರ ಮಾತ್ರ ಮಕ್ಕಳ ಈಜಿಗೆ ಹೇಳಿಮಾಡಿಸಿದ್ದು ಎಂಬಂತೆ ಬರೆದಿರುವುದು ಸರಿಯಲ್ಲ. ಅಲ್ಲಿ ಜೀವಕ್ಕೆ ಎರವಾಗುವುದು ನೀರು. ಕರಡಿಯಿಂದ ಸಾಮಾನ್ಯವಾಗಿ ಹೋಗುವುದು ಊಟದ ಡಬ್ಬಿ.

ಸುಪೀರಿಯರ್ ಸರೋವರದ ವಿಸ್ತೀರ್ಣ ಸುಮಾರು 82,000 ಚದರ ಕಿ.ಮೀ., ಅಂದರೆ ಕರ್ನಾಟಕದ ಐದರಲ್ಲಿ ಎರಡು ಪಾಲಿಗಿಂತ ಹೆಚ್ಚು. ಅತಿ ಆಳದ ಜಾಗ 406 ಮೀಟರ್. ಇಷ್ಟು ನೀರು ಎರಡು ತಿಂಗಳ ಬಿಸಿಲಿಗೆ ಕಾಯುವುದಿಲ್ಲ. ಜೂನ್‌ನಲ್ಲಿ ದಡದ ನೀರೂ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿರುವುದು ಸಾಮಾನ್ಯ. ಜುಲೈ ಕೊನೆ, ಆಗಸ್ಟ್‌ನಲ್ಲಿ ಆಳವಿಲ್ಲದ ಕಡೆ ಇಳಿಯುವ ಹಾಗಾಗುತ್ತದೆ. ಅದೂ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂಬುದರ ಮೇಲೆ.

ಈ ಗಾಳಿಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪಾರ್ಕು ಇರುವುದು ಸರೋವರದ ದಕ್ಷಿಣ ದಡದಲ್ಲಿ. ತೆಂಕಣ ಗಾಳಿ ಬೀಸಿದ ದಿನ ನೆಲದ ಕಡೆಯಿಂದ ಬಿಸಿ ಬರುತ್ತದೆ, ಸೆಖೆ ಹೆಚ್ಚುತ್ತದೆ. ದಡದ ಹತ್ತಿರ ಅಲೆಯೇ ಇಲ್ಲದೆ ನೀರು ಕನ್ನಡಿಯಂತೆ ಕಾಣುತ್ತದೆ. ನೀರಿಗಿಳಿಯಲು ಇದಕ್ಕಿಂತ ಒಳ್ಳೆಯ ದಿನವಿಲ್ಲ ಅನ್ನಿಸುವುದು ಆಗಲೇ. ಅದೇ ಗಾಳಿ ಮೇಲಿನ ಬೆಚ್ಚಗಿನ ನೀರನ್ನು ಒಳಕ್ಕೆ ತಳ್ಳಿರುತ್ತದೆ, ಅದರ ಜಾಗಕ್ಕೆ ತಳದ ತಣ್ಣೀರು ಮೇಲೆದ್ದು ಬಂದಿರುತ್ತದೆ. ಹಿಂದಿನ ದಿನ ಹಿತವಾಗಿದ್ದ ನೀರು ರಾತ್ರಿ ಕಳೆಯುವುದರೊಳಗೆ ಮರಗಟ್ಟಿಸುವಷ್ಟು ತಣ್ಣಗಾಗುವುದು ಹೀಗೆ. ಗಾಳಿ ತುಂಬಿದ ಟ್ಯೂಬು, ಹಾಸಿಗೆ, ಪುಟ್ಟ ರಬ್ಬರ್ ದೋಣಿಗಳನ್ನೂ ಈ ಗಾಳಿ ಸದ್ದಿಲ್ಲದೆ ಒಳಕ್ಕೆ ಒಯ್ಯುತ್ತದೆ. ಇಪ್ಪತ್ತು ಮೀಟರ್ ದೂರ ಹೋದ ಟ್ಯೂಬನ್ನು ಹಿಡಿದು ತರುತ್ತೇನೆಂದು ದೊಡ್ಡವರು ಹಿಂದೆ ಈಜುತ್ತಾರೆ. ಟ್ಯೂಬು ಅವರಿಗಿಂತ ಬೇಗ ಹೋಗುತ್ತದೆ. ಹೋದರೆ ಹೋಗಲಿ ಎಂದು ಬಿಟ್ಟುಬಿಡುವುದೇ ಸರಿ.

ಅಂಥ ತಣ್ಣೀರಿಗೆ ಬಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಲ್ಲಿನ ದೋಣಿಯವರಿಗೆಲ್ಲ ಗೊತ್ತಿರುವ ಲೆಕ್ಕವೊಂದಿದೆ: 1-10-1. ಮೊದಲ ಒಂದು ನಿಮಿಷ ಉಸಿರು ಹತೋಟಿಯಲ್ಲಿರುವುದಿಲ್ಲ. ಬಿದ್ದ ತಕ್ಷಣ ತಡೆಯಲಾರದೆ ಏದುಸಿರು ಬರುತ್ತದೆ, ತಲೆ ಆಗ ನೀರೊಳಗಿದ್ದರೆ ಕಥೆ ಅಲ್ಲಿಗೇ ಮುಗಿಯಬಹುದು. ಆಮೇಲಿನ ಸುಮಾರು 10 ನಿಮಿಷ ಕೈಕಾಲು ಮಾತು ಕೇಳುತ್ತವೆ. ಮೈ ತಣ್ಣಗಾಗಿ ಪ್ರಜ್ಞೆ ತಪ್ಪಲು ಸುಮಾರು ಒಂದು ಗಂಟೆ ಬೇಕು. ಅಷ್ಟರವರೆಗೆ ತೇಲುತ್ತಿರಲು ಲೈಫ್ ಜಾಕೆಟ್ ಇರಬೇಕು. ಇಲ್ಲದಿದ್ದರೆ ಕೈಕಾಲು ಸೋತಾಗ ಒಳ್ಳೆಯ ಈಜುಗಾರರೂ ಮುಳುಗುತ್ತಾರೆ. ಹಾಗಾಗಿ ಬಿದ್ದವರು ಮೊದಲು ಈಜಲು ಹೋಗಬಾರದು. ಮುಖ ಮೇಲಿಟ್ಟು ಉಸಿರು ಹದಕ್ಕೆ ಬರುವವರೆಗೆ ತೇಲಬೇಕು, ಕಯಾಕ್ ಮಗುಚಿದ್ದರೆ ಅದನ್ನೇ ಹಿಡಿದುಕೊಳ್ಳಬೇಕು.

ಮಿಷಿಗನ್ ಕಾನೂನಿನ ಪ್ರಕಾರ ಚಿಕ್ಕ ದೋಣಿಗಳ ತೆರೆದ ಭಾಗದಲ್ಲಿ ಕೂರುವ 6 ವರ್ಷದೊಳಗಿನ ಮಕ್ಕಳು ಲೈಫ್ ಜಾಕೆಟ್ ತೊಟ್ಟಿರಲೇಬೇಕು. ನಮ್ಮನ್ನು ಕೇಳಿದರೆ ಅಜ್ಜ ಅಜ್ಜಿಗೂ ಅದೇ ನಿಯಮ. ಕೊಳ್ಳುವಾಗ ಒಳಗಡೆ ಅಮೆರಿಕದ ಕೋಸ್ಟ್ ಗಾರ್ಡ್ ಒಪ್ಪಿಗೆಯ ಮುದ್ರೆಯನ್ನೂ ತೂಕದ ಮಿತಿಯನ್ನೂ ನೋಡಿ. ಮಗುವಿಗೆ ತೊಡಿಸಿ, ಕೊಂಡಿ ಬಿಗಿದು, ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆದು ನೋಡಿ. ಜಾಕೆಟ್ ಗಲ್ಲ ದಾಟಿ ಕಿವಿಯವರೆಗೆ ಬಂದರೆ ಅದು ಆ ಮಗುವಿನ ಅಳತೆಯದಲ್ಲ.

ನೀರಿನಿಂದ ಎತ್ತಿದವರ ಕೈಕಾಲು ಉಜ್ಜುವುದು ನಮ್ಮಲ್ಲಿ ರೂಢಿ. ಅದು ಬೇಡ. ಒದ್ದೆ ಬಟ್ಟೆ ತೆಗೆದು, ಮಲಗಿಸಿ, ಒಣ ಕಂಬಳಿ ಅಥವಾ ಸ್ಲೀಪಿಂಗ್ ಬ್ಯಾಗಿನಲ್ಲಿ ಸುತ್ತಿ, ಎದೆಗೂ ಕಂಕುಳಿಗೂ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಇಡಿ. ಪೂರ್ತಿ ಎಚ್ಚರವಿದ್ದರೆ ಸಿಹಿಯಾದ ಬಿಸಿ ಪಾನೀಯ ಕೊಡಬಹುದು. ಬ್ರಾಂದಿ ಖಂಡಿತ ಬೇಡ.

ಮಕ್ಕಳು ನೀರಾಡಲೇಬೇಕು ಎನ್ನುವವರಿಗೆ ಗೋಜಿಬಿಕ್ ಸರೋವರದ ಪಶ್ಚಿಮ ದಡದಲ್ಲೇ ಇನ್ನೊಂದು ಸ್ಟೇಟ್ ಪಾರ್ಕಿದೆ. ಅದು ಒಳನಾಡಿನ, ಆಳ ಕಡಿಮೆಯ ಕೆರೆ. ಬೇಸಿಗೆಯಲ್ಲಿ ನಿಜಕ್ಕೂ ಬೆಚ್ಚಗಾಗುತ್ತದೆ.

ಇನ್ನು ಕರಡಿ. ಅಲ್ಲಿರುವುದು ಕಪ್ಪು ಕರಡಿ ಮಾತ್ರ. ಕಂಡರೆ ಓಡದೆ, ಜೋರಾಗಿ ಮಾತಾಡುತ್ತ ಹಿಂದೆ ಹಿಂದೆ ಸರಿದರೆ ಸಾಕು. ಅದು ಬರುವುದು ವಾಸನೆಗೆ. ಒಗ್ಗರಣೆ ಹಾಕಿದ ಬಾಣಲೆ, ಚಟ್ನಿಪುಡಿ ಡಬ್ಬಿ ಮಾತ್ರವಲ್ಲ, ಟೂತ್‌ಪೇಸ್ಟು, ಸೋಪು, ತಲೆಗೆಣ್ಣೆ, ಖಾಲಿ ಐಸ್ ಬಾಕ್ಸು ಸಹ ರಾತ್ರಿ ಕಾರಿನ ಡಿಕ್ಕಿಯೊಳಗೆ ಇರಬೇಕು, ಕಾರು ಬೀಗ ಹಾಕಿರಬೇಕು. ಅಡುಗೆ ಮಾಡಿದ ಬಟ್ಟೆಯಲ್ಲೇ ಟೆಂಟಿನೊಳಗೆ ಮಲಗಬೇಡಿ. ಪಾತ್ರೆ ತೊಳೆದ ನೀರನ್ನು ಟೆಂಟಿನ ಪಕ್ಕ ಚೆಲ್ಲಬೇಡಿ. ಮಳೆ ಬಂತೆಂದು ಟೆಂಟಿನೊಳಗೆ ಒಲೆ ಹಚ್ಚುವುದು ಕರಡಿಗಿಂತ ಅಪಾಯ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ.

ಕೀಟಗಳ ಕಾಟದ ಬಗ್ಗೆ ಲೇಖನ ಒಂದಕ್ಷರ ಹೇಳಿಲ್ಲ. ಮೇ ಮಧ್ಯದಿಂದ ಜೂನ್ ಕೊನೆಯವರೆಗೆ ಕಪ್ಪು ನೊಣ, ಆಮೇಲೆ ಸೊಳ್ಳೆ. ಸಾಲದ್ದಕ್ಕೆ, ತೆಂಕಣ ಗಾಳಿಯ ದಿನಗಳಲ್ಲೇ ಮರಳ ದಂಡೆಗೆ ಮನೆನೊಣದಂತೆಯೇ ಕಾಣುವ ಕಚ್ಚುವ ನೊಣಗಳು ಬಂದು ಕಾಲಿನ ಹರಡಿಗೇ ಕಚ್ಚುತ್ತವೆ. ಸೊಳ್ಳೆಗೆ ಹಚ್ಚುವ ದ್ರವಕ್ಕೆ ಇವು ಅಷ್ಟಾಗಿ ಬಗ್ಗುವುದಿಲ್ಲ, ದಪ್ಪ ಕಾಲುಚೀಲವೇ ಗತಿ.

ಸೌದೆಯನ್ನು ಮನೆಯಿಂದ ಒಯ್ಯಬೇಡಿ. ಆ್ಯಶ್ ಮರಗಳನ್ನು ಒಣಗಿಸುವ ಹಸಿರು ದುಂಬಿ 2002ರಲ್ಲಿ ಮೊದಲು ಪತ್ತೆಯಾದದ್ದು ಡೆಟ್ರಾಯಿಟ್ ಬಳಿ. ಅದು ದೂರದೂರಕ್ಕೆ ಹರಡಿದ್ದು ಹೆಚ್ಚಾಗಿ ಇಂಥ ಸೌದೆಯ ಕಟ್ಟುಗಳಲ್ಲಿ. ಪಾರ್ಕಿನ ಹತ್ತಿರವೇ ಕೊಂಡು ಅಲ್ಲೇ ಉರಿಸಿ.

ಜಾಗ ಕಾದಿರಿಸುವುದು ಆರು ತಿಂಗಳ ಮುಂಚೆ ಶುರುವಾಗುತ್ತದೆ. ವಯಸ್ಸಾದವರಿದ್ದರೆ ಪೂರ್ವ ತುದಿಯ ಯೂನಿಯನ್ ಬೇ ಕ್ಯಾಂಪ್‌ಗ್ರೌಂಡೇ ಆಗಬೇಕು. ಅಲ್ಲಿ ವಿದ್ಯುತ್ತೂ ನೀರಿನ ಶೌಚಾಲಯವೂ ಇವೆ. ಪಶ್ಚಿಮದ ಪ್ರೆಸ್ಕ್ ಐಲ್‌ನಲ್ಲಿ ಜಲಪಾತಗಳಿವೆ, ಆದರೆ ಗುಂಡಿ ಶೌಚಾಲಯ. ಎರಡರ ನಡುವೆ ಗಡಿಯಾರವೂ ಬದಲಾಗುತ್ತದೆ: ಯೂನಿಯನ್ ಬೇ ಇರುವ ಜಿಲ್ಲೆ ಈಸ್ಟರ್ನ್ ಸಮಯದಲ್ಲಿ, ಪ್ರೆಸ್ಕ್ ಐಲ್ ಇರುವ ಜಿಲ್ಲೆ ಒಂದು ಗಂಟೆ ಹಿಂದಿನ ಸೆಂಟ್ರಲ್ ಸಮಯದಲ್ಲಿ. ಮೊಬೈಲ್ ತಾನಾಗಿ ಸಮಯ ಬದಲಿಸಿಕೊಳ್ಳುವುದರಿಂದ ಮಾತ್ರೆಯ ಹೊತ್ತು ತಪ್ಪುತ್ತದೆ; ಕೈಗಡಿಯಾರ ಒಯ್ಯಿರಿ. ಲೇಕ್ ಆಫ್ ದಿ ಕ್ಲೌಡ್ಸ್ ನೋಡುವ ಬಂಡೆಗೆ ಗಾಲಿಕುರ್ಚಿ ಹೋಗುವಂಥ ಹಲಗೆದಾರಿಯಿದೆ, ಹಾಗಾಗಿ ಮಂಡಿನೋವಿನವರು ಅದನ್ನು ಬಿಡಬೇಕಿಲ್ಲ.

ಪಾರ್ಕಿನ ಬಹುಪಾಲು ಕಡೆ ಮೊಬೈಲ್ ಸಿಗ್ನಲ್ ನೆಚ್ಚಿಕೊಳ್ಳುವಂತಿಲ್ಲ. ಹತ್ತಿರದ ಆಂಟನಾಗನ್ ಊರಿನ ಆಸ್ಪತ್ರೆ 2024ರಲ್ಲಿ ಮುಚ್ಚಿತು, ಈಗ ಐರನ್‌ವುಡ್‌ನಂಥ ದೂರದ ಊರಿಗೆ ಓಡಬೇಕು. ಆದ್ದರಿಂದ ಔಷಧಿಯನ್ನು ನಾಲ್ಕು ದಿನಕ್ಕೆ ಹೆಚ್ಚಾಗಿಯೇ ಕಟ್ಟಿಕೊಳ್ಳಿ, ಇನ್ಸುಲಿನ್ ಐಸಿಗೆ ನೇರ ತಾಗದಂತೆ ಬಟ್ಟೆಯಲ್ಲಿ ಸುತ್ತಿಡಿ. ಯಾವ ಕ್ಯಾಂಪ್‌ಗ್ರೌಂಡು, ಯಾವ ನಂಬರಿನ ಜಾಗ, ವಾಪಸು ಯಾವಾಗ ಎಂಬುದನ್ನು ಮನೆಯಲ್ಲಿ ಬರೆದಿಡಿ. ಸಿಗ್ನಲ್ ಇರುವ ಕೊನೆಯ ಊರಿನಲ್ಲಿ ಕಾರು ನಿಲ್ಲಿಸಿ, ಅಮೆರಿಕದ ಹವಾಮಾನ ಇಲಾಖೆಯ ಮಾರ್ಕೆಟ್ (Marquette) ಊರಿನ ಕಚೇರಿ ಕೊಡುವ ದಡದ ಮುನ್ಸೂಚನೆಯಲ್ಲಿ ಮಳೆಯ ಜೊತೆಗೆ ಗಾಳಿಯ ದಿಕ್ಕನ್ನೂ ನೋಡಿಕೊಳ್ಳಿ.

– ಮಿಷಿಗನ್‌ನ ಕೆಲವು ಕನ್ನಡಿಗ ಓದುಗರು