ಫಾರಂ ತುಂಬೋ ಮುಂಚೆ ಇದನ್ನ ಓದು

ಗೆಳೆಯಾ,

ಮೊನ್ನೆ ನೀನು ದುರ್ಗದ ಬಸ್ ಸ್ಟ್ಯಾಂಡಿಂದ ಫೋನ್ ಮಾಡಿದಾಗ ಆ ಗದ್ದಲದಲ್ಲಿ ಅರ್ಧ ಮಾತು ಕೇಳಿಸಲೇ ಇಲ್ಲ. "ನಲವತ್ತೆರಡಕ್ಕೆ ಎಂ.ಎಸ್.ಡಬ್ಲ್ಯೂ ಸೇರಬಹುದಾ" ಅಂದಿದ್ದು ಮಾತ್ರ ಸರಿಯಾಗಿ ಕೇಳಿಸ್ತು. ಸಮಾಜಕಾರ್ಯದ ಸ್ನಾತಕೋತ್ತರ ಡಿಗ್ರಿ ತಾನೇ, ಸೇರಬಹುದು ಅಂದೆ, ಫೋನ್ ಇಟ್ಟೆ. ಅಷ್ಟು ಹೇಳಿದ್ದು ಸಾಲದು ಅನ್ನಿಸಿ ಈಗ ಬರೀತಿದೀನಿ. ನಾಲ್ಕು ಜನ ಓದೋ ಕಡೆ ಹಾಕ್ತಿದೀನಿ ಅಂತ ಬೇಜಾರು ಮಾಡ್ಕೋಬೇಡ. ಇದೇ ಪ್ರಶ್ನೆ ಕೇಳಿದ ಅಂಗನವಾಡಿ ಟೀಚರಮ್ಮ ಒಬ್ಬರಿದಾರೆ, ಪಂಚಾಯ್ತಿಯಲ್ಲಿ ಕೆಲಸ ಮಾಡೋರು ಒಬ್ಬರಿದಾರೆ, ಅವರಿಗೂ ಆಗಲಿ. ನಮ್ಮಿಬ್ಬರಿಗಷ್ಟೇ ಗೊತ್ತಿರೋ ನೀಲಿ ಕೊಡೆ ವಿಷಯ ಇಲ್ಲಿ ಎತ್ತಲ್ಲ, ಧೈರ್ಯವಾಗಿ ಓದು.

ಮೊದಲು ಸಮಯದ ಲೆಕ್ಕ. ನಮ್ಮ ದಾವಣಗೆರೆ ವಿ.ವಿ.ಯ ಶಿವಗಂಗೋತ್ರಿಯಲ್ಲಿ ರೆಗ್ಯುಲರ್ ಎಂ.ಎಸ್.ಡಬ್ಲ್ಯೂ ಇದೆ, ಆದ್ರೆ ಅದು ಹಗಲು ಕ್ಲಾಸು. ನೌಕರಿ ಬಿಡಕ್ಕಾಗದ ನಿನ್ನಂಥೋನಿಗೆ ಇಗ್ನೋ, ಅಂದ್ರೆ ಮನೆಯಲ್ಲೇ ಕೂತು ಓದಬಹುದಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿ.ವಿ., ಅದೇ ದಾರಿ. ಯಾವ ಡಿಗ್ರಿ ಆಗಿದ್ದರೂ ನಡೆಯುತ್ತೆ, ನಿನ್ನ ಬಿ.ಕಾಂ. ಸಾಕು. ಜನವರಿ, ಜುಲೈ ಅಂತ ವರ್ಷಕ್ಕೆ ಎರಡು ಸಲ ಪ್ರವೇಶ. ಎರಡು ವರ್ಷದ ಕೋರ್ಸು, ಎಳೆದರೆ ನಾಲ್ಕು ವರ್ಷದ ತನಕ ಮುಗಿಸಬಹುದು. ಎರಡಕ್ಕೇ ಮುಗಿಸ್ತೀನಿ ಅಂತ ಹಠ ಹಿಡೀಬೇಡ. ಯಾಕೆ ಅಂದ್ರೆ, ಅಲ್ಲಿ 1 ಕ್ರೆಡಿಟ್ ಅಂದ್ರೆ 30 ಗಂಟೆ ಓದು. 4 ಕ್ರೆಡಿಟ್‌ನ ಒಂದು ಪೇಪರಿಗೆ 120 ಗಂಟೆ ಆಯ್ತು. ದಿನಕ್ಕೊಂದು ಗಂಟೆ ಕೂತರೆ ಒಂದೇ ಪೇಪರಿಗೆ ನಾಲ್ಕು ತಿಂಗಳು ಬೇಕು, ಮತ್ತೆ ವರ್ಷಕ್ಕೆ ಇರೋದು ಒಂದೇ ಪೇಪರಲ್ಲ. ಎಲ್ಲ ಪೇಪರನ್ನೂ ಒಟ್ಟಿಗೆ ಹಿಡಿದೋರು ನವೆಂಬರ್ ಹೊತ್ತಿಗೆ ಎಲ್ಲವನ್ನೂ ಒಟ್ಟಿಗೆ ಕೈಬಿಡ್ತಾರೆ. ಜೂನ್‌ನಲ್ಲಿ ಒಂದಿಷ್ಟು, ಡಿಸೆಂಬರ್‌ನಲ್ಲಿ ಒಂದಿಷ್ಟು ಪರೀಕ್ಷೆ ಬರಿ.

ಅಸೈನ್‌ಮೆಂಟಿಗೆ ಶೇ. 30, ಪರೀಕ್ಷೆಗೆ ಶೇ. 70 ತೂಕ. ಅಸೈನ್‌ಮೆಂಟ್ ಸ್ವಂತ ಕೈಬರಹದಲ್ಲೇ ಇರಬೇಕು. ಇಲ್ಲಿ ಜನ ಎಡವೋದು ಎರಡು ಕಡೆ. ಒಂದು, ಹಿಂದಿನ ಬ್ಯಾಚಿನ ಪ್ರಶ್ನೆಪತ್ರಿಕೆಗೆ ಉತ್ತರ ಬರೆದುಬಿಡೋದು. ಪ್ರಶ್ನೆಗಳು ಸೆಷನ್‌ನಿಂದ ಸೆಷನ್‌ಗೆ ಬದಲಾಗ್ತವೆ, ಬೇರೆಯವರ ಹಳೇ ಫೈಲು ನೋಡಿ ಇಳಿಸಿದರೆ ಬರೆದಿದ್ದೆಲ್ಲ ದಂಡ. ಇನ್ನೊಂದು, ಕೊಟ್ಟಿದ್ದಕ್ಕೆ ರಸೀದಿ ತಗೊಳ್ಳದೆ ಬರೋದು. ರಸೀದಿ ತಗೋ, ಅವತ್ತೇ ಫೋಟೋ ಹೊಡ್ಕೋ.

ಭಾಷೆ ವಿಚಾರ ನಿಧಾನಕ್ಕೆ ಹೇಳಬೇಕು. ಪುಸ್ತಕ ಬರೋದು ಇಂಗ್ಲಿಷಲ್ಲಿ ಇಲ್ಲ ಹಿಂದಿಯಲ್ಲಿ, ಕನ್ನಡದಲ್ಲಿಲ್ಲ. ಹಿರಿಯೂರಿನ ಕನ್ನಡ ಮೀಡಿಯಂ ಹುಡುಗನಿಗೆ ಮೊದಲ ಐವತ್ತು ಪುಟ ಓದೋವಾಗ ಹೊಟ್ಟೆಯಲ್ಲಿ ಕಲ್ಲು ಹಾಕಿದ ಹಾಗಾಗುತ್ತೆ. ಒಂದು ಇನ್ನೂರು ಪುಟದ ನೋಟ್‌ಬುಕ್ ತಗೊಂಡು ಪದಗಳನ್ನ ಎರಡೆರಡು ಸಲ ಕನ್ನಡಕ್ಕೆ ತಂದುಕೋ. ಒಂದು ಪುಸ್ತಕದ ಕನ್ನಡ, ಇನ್ನೊಂದು ಮನೆ ಮುಂದೆ ಕೂತು ಹೇಳೋ ಕನ್ನಡ. "ಸೆಲ್ಫ್ ಡಿಟರ್ಮಿನೇಶನ್" ಅನ್ನೋದಕ್ಕೆ ಸ್ವ-ನಿರ್ಧಾರ ಅಂತ ಬರ್ಕೋ. ಅದರ ಪಕ್ಕದಲ್ಲಿ "ಅವರ ಬಾಳಿನ ತೀರ್ಮಾನ ಅವರದ್ದೇ" ಅಂತಲೂ ಬರ್ಕೋ. ಎರಡನೇ ಸಾಲು ಬರೆಯೋಕೆ ಆಗಲಿಲ್ಲ ಅಂದ್ರೆ ಆ ಪಾಠ ಇನ್ನೂ ಅರ್ಥ ಆಗಿಲ್ಲ ಅಂತಲೇ ಲೆಕ್ಕ. ಉತ್ತರ ಬರೆಯುವಾಗ ಸಣ್ಣ ಸಣ್ಣ ವಾಕ್ಯ ಸಾಕು. ದೊಡ್ಡ ಇಂಗ್ಲಿಷ್ ಯಾರೂ ಕೇಳಲ್ಲ.

ಇದೆಲ್ಲ ಆಗೋ ಕೆಲಸ. ಜನ ಕೋರ್ಸ್ ಬಿಡೋದು ಪುಸ್ತಕದಿಂದಲ್ಲ, ಕ್ಷೇತ್ರಕಾರ್ಯದಿಂದ.

ಕ್ಷೇತ್ರಕಾರ್ಯಕ್ಕೆ, ಅಂದ್ರೆ ಜನರ ನಡುವೆ ಹೋಗಿ ಮಾಡೋ ಕೆಲಸಕ್ಕೆ, ಪ್ರತಿ ವರ್ಷ 10 ಕ್ರೆಡಿಟ್ ಇದೆ. ಅದಕ್ಕೊಬ್ಬರು ಮೇಲ್ವಿಚಾರಕರು ಬೇಕು. ಫೀಸು ಕಟ್ಟೋಕೆ ಮುಂಚೆಯೇ ಸ್ಟಡಿ ಸೆಂಟರಿಗೆ ಹೋಗಿ ಎಂ.ಎಸ್.ಡಬ್ಲ್ಯೂ ಅಲ್ಲಿ ನಡೆಯುತ್ತಾ, ಮೇಲ್ವಿಚಾರಕರು ಯಾರು, ಎಷ್ಟು ದೂರ ಅಂತ ಎದುರಿಗೇ ಕೇಳು. ಎರಡನೇ ತೊಡಕು ಭಾನುವಾರದ್ದು. ನಿನಗೆ ಬಿಡುವಿರೋದು ಭಾನುವಾರ, ಸರ್ಕಾರಿ ಆಫೀಸಿಗೆ ಬೀಗ ಇರೋದೂ ಭಾನುವಾರ. ಮಕ್ಕಳ ರಕ್ಷಣಾ ಘಟಕ, ನೊಂದ ಹೆಣ್ಣುಮಕ್ಕಳಿಗೆ ನೆರವು ಕೊಡೋ ಸಖಿ ಕೇಂದ್ರ ಅಂತ ಆಸೆ ಪಟ್ಟರೆ ಇರೋ ಸಿ.ಎಲ್. ರಜೆ ಎಲ್ಲ ಅಲ್ಲೇ ಖರ್ಚಾಗುತ್ತೆ. ವೃದ್ಧಾಶ್ರಮ, ಹಾಸ್ಟೆಲ್, ಸಂಜೆ ಸೇರೋ ಸ್ತ್ರೀಶಕ್ತಿ ಸಂಘ, ಯಾವುದಾದರೂ ಬಡಾವಣೆ, ಇಂಥವು ದುಡಿಯೋರಿಗೆ ಹೊಂದುತ್ತವೆ. ಬಡಾವಣೆ ಆರಿಸಿದರೆ ಅಲ್ಲಿಯ ಜನರ ಹೊತ್ತು ಮೊದಲು ತಿಳ್ಕೋ. ನಮ್ಮ ಮಂಡಕ್ಕಿ ಭಟ್ಟಿ ಕಡೆ ನಸುಕಿನಲ್ಲೇ ಕೆಲಸ ಶುರು. ಬಿಸಿ ಮರಳಿನ ಮುಂದೆ ನಿಂತು ಮುಗಿಸಿ ಬಂದು ಕಣ್ಣು ಮುಚ್ಚಿದೋರನ್ನ ಹತ್ತು ಗಂಟೆಗೆ ಕದ ಬಡಿದು ಎಬ್ಬಿಸೋದು ಸಮಾಜಕಾರ್ಯ ಅಲ್ಲ.

ನಿನ್ನ ಸ್ವಂತ ಓಣಿ ಮಾತ್ರ ಬೇಡ. ಹತ್ತಿರ ಅಂತ ಎಲ್ಲರೂ ಅದನ್ನೇ ಆರಿಸ್ತಾರೆ. ಆಮೇಲೆ ಸಾಲದ ವಿಷಯ, ಗಂಡನ ಕುಡಿತದ ವಿಷಯ ನಿನಗೆ ಹೇಳಿದ ಹೆಣ್ಣುಮಗಳು ಸಂಜೆ ಕಿರಾಣಿ ಅಂಗಡಿಯಲ್ಲಿ ನಿನ್ನ ಹೆಂಡತಿಯನ್ನ ನೋಡಿ ಮುಖ ತಿರುಗಿಸಿಕೊಂಡು ಹೋಗ್ತಾಳೆ. ತಪ್ಪು ಅವಳದ್ದಲ್ಲ.

ಬಿಯೆಸ್ಟೆಕ್ ಅನ್ನೋ ಪಾದ್ರಿ 1957ರಲ್ಲಿ ವ್ಯಕ್ತಿಗತ ಸಮಾಜಕಾರ್ಯಕ್ಕೆ ಏಳು ತತ್ವ ಹೇಳಿದಾರೆ, ಪರೀಕ್ಷೆಗೆ ಖಂಡಿತ ಓದಬೇಕು. ಅದರಲ್ಲಿ ಗೌಪ್ಯತೆ ಒಂದು. ಬಾಯಿಪಾಠಕ್ಕೆ ಸುಲಭ. ವಠಾರದಲ್ಲಿ ಒಬ್ಬರ ಮನೆಗೆ ಹೋಗಿ ಕೂತರೆ ಮಾತ್ರ ಐದು ನಿಮಿಷಕ್ಕೆ ಪಕ್ಕದ ಮನೆಯವರು ನಾಲ್ಕು ಜನ ಬಾಗಿಲಲ್ಲಿ ಇರ್ತಾರೆ. ಅವರನ್ನ ಹೋಗಿ ಅನ್ನೋ ಹಾಗಿಲ್ಲ, ಅಂದರೆ ನಾಳೆಯಿಂದ ಆ ಮನೆಯವರಿಗೇ ಕಷ್ಟ. ಮೊದಲ ಭೇಟಿಯಲ್ಲಿ ಎಲ್ಲರೂ ಕೇಳಬಹುದಾದ ಮಾತೇ ಆಡು: ನೀರು ಎಷ್ಟು ದಿನಕ್ಕೆ ಬಿಡ್ತಾರೆ, ರೇಷನ್ ಬಂತಾ. ಎರಡನೇ ಸಲ ಜನಕ್ಕೆ ಕುತೂಹಲ ಕಮ್ಮಿಯಾಗುತ್ತೆ. ಆಗ ಅವರು ನಲ್ಲಿಗೆ ಹೊರಟರೆ ಜೊತೆಗೆ ನಡಿ, ಹೇಳಬೇಕಾದ್ದನ್ನ ದಾರಿಯಲ್ಲಿ ತಾವೇ ಹೇಳ್ತಾರೆ. ಮಕ್ಕಳ ವಿಷಯ ಆದರಂತೂ ಬಾಲನ್ಯಾಯ ಕಾಯ್ದೆ, 2015ರ 74ನೇ ಸೆಕ್ಷನ್ ನೆನಪಿರಲಿ: ಹೆಸರು, ಶಾಲೆ, ವಿಳಾಸ, ಫೋಟೋ ಯಾವುದೂ ಬಹಿರಂಗ ಆಗೋ ಹಾಗಿಲ್ಲ. ನೋಟ್‌ಬುಕ್ಕನ್ನ ಬಸ್ಸಿನ ಸೀಟಲ್ಲಿ ಮರೆತರೂ ಯಾರಿಗೂ ಯಾರೂ ಗೊತ್ತಾಗಬಾರದು, ಹಾಗೆ ಬರಿ.

ಬರೆಯೋದನ್ನೇ ಸ್ವಲ್ಪ ಬಿಡಿಸಿ ಹೇಳ್ತೀನಿ. ಈ ಕೋರ್ಸಿನಲ್ಲಿ ನನಗೆ ತುಂಬ ಬೆಲೆಬಾಳಿದ್ದು ಇದೇ. ನೋಟ್‌ಬುಕ್ ಬಿಚ್ಚಿದಾಗ ಎದುರುಬದುರು ಎರಡು ಪುಟ ಸಿಗುತ್ತಲ್ಲ, ಎಡಗಡೆ ಅವರು ಹೇಳಿದ್ದು, ಬಲಗಡೆ ನಿನಗೆ ಅನ್ನಿಸಿದ್ದು. ಉದಾಹರಣೆಗೆ (ನಾನೇ ಕಟ್ಟಿದ್ದು, ಯಾರ ಮನೆಯದೂ ಅಲ್ಲ) ಎಡಗಡೆ: "ಮಗ ಹಬ್ಬಕ್ಕೆ ಬಂದಿದ್ದ, ಸೀರೆ ತಂದಿದ್ದ, ಟ್ರಂಕಿನಾಗೆ ಇಟ್ಟೀನಿ." ಬಲಗಡೆ: "ಮಗನ ಮೇಲೆ ಬೇಜಾರು ಇರಬಹುದು ಅಂತ ನನಗನ್ನಿಸಿತು. ಅವರು ಹಾಗೆ ಹೇಳಲಿಲ್ಲ." ಮೊದಮೊದಲು ಎಲ್ಲರೂ ಒಂದೇ ಪುಟದಲ್ಲಿ "ಮಗ ನೋಡಿಕೊಳ್ಳದ ಕಾರಣ ನೊಂದಿದ್ದಾರೆ" ಅಂತ ಬರೆದು ಮುಗಿಸ್ತಾರೆ. ಮೇಲ್ವಿಚಾರಕರ ಕೆಂಪು ಪೆನ್ನು ಅಲ್ಲೇ ನಿಲ್ಲುತ್ತೆ: ಇದನ್ನ ಹೇಳಿದ್ದು ಅವರೋ, ನೀವೋ? ಅವರ ಎದುರಿಗೆ ಕೂತು ಬರೀಬೇಡ, ಸರ್ವೆಗೆ ಬಂದವನ ಹಾಗಾಗುತ್ತೆ. ಹೊರಗೆ ಬಂದು ಚಹಾ ಅಂಗಡಿ ಬೆಂಚಿನ ಮೇಲೆ ಕೂತು ಐದಾರು ಪದ ಗುರುತು ಮಾಡ್ಕೋ: ಸೀರೆ, ಟ್ರಂಕು, ಮೊಣಕಾಲು, ನಕ್ಕರು. ರಾತ್ರಿ ಅದರಿಂದ ಪೂರ್ತಿ ಬರಿ. ಮಾರನೇ ದಿನಕ್ಕೆ ಬಿಟ್ಟರೆ ಅವರ ಮಾತು ನಿನ್ನ ಮಾತಾಗಿಬಿಟ್ಟಿರುತ್ತೆ.

ಇನ್ನು, ನೀನು ಹೋದ ಕಡೆಯಲ್ಲೆಲ್ಲ ಮೊದಲು ಬರೋ ಮಾತು "ಪಿಂಚಣಿ ನಿಂತೈತೆ". ಸಂಧ್ಯಾ ಸುರಕ್ಷಾ ಅನ್ನೋ ವೃದ್ಧರ ಪಿಂಚಣಿ ಯೋಜನೆಯಲ್ಲಿ 65 ತುಂಬಿದವರಿಗೆ ತಿಂಗಳಿಗೆ 1,200 ರೂಪಾಯಿ. ನಮಗೆ ಸಣ್ಣದು, ಅವರಿಗೆ ಮಾತ್ರೆ, ಚಹಾಪುಡಿ, ಮೊಮ್ಮಗಳ ಕೈಗೆ ಕೊಡೋ ಹತ್ತು ರೂಪಾಯಿ ಎಲ್ಲ ಅದೇ. ಕೇಳಿದ ತಕ್ಷಣ ಹೊಸ ಅರ್ಜಿ ಬರೆಯೋಕೆ ಕೂರಬೇಡ, ಅದೇ ದೊಡ್ಡ ತಪ್ಪು. ಮೊದಲು ಪಾಸ್‌ಬುಕ್ ಎಂಟ್ರಿ ಮಾಡಿಸಿ ಕೊನೇ ಸಲ ದುಡ್ಡು ಬಿದ್ದ ತಿಂಗಳು ನೋಡು. ಆಮೇಲೆ ಅವರದೇ ಹೆಸರಲ್ಲಿ ಇನ್ನೊಂದು ಖಾತೆ ಇದೆಯಾ ಕೇಳು, ಸಂಘದ ಸಾಲಕ್ಕೋ ಗೃಹಲಕ್ಷ್ಮಿ 2,000ಕ್ಕೋ ಆಮೇಲೆ ತೆರೆದದ್ದು. ದುಡ್ಡು ಬರೋದು ಆಧಾರ್ ನಂಬರಿನ ಮೇಲೆ, ಕೊನೆಗೆ ಯಾವ ಖಾತೆಗೆ ಎನ್‌ಪಿಸಿಐ ಮ್ಯಾಪಿಂಗ್ ಆಗಿದೆಯೋ, ಅಂದ್ರೆ ಈ ಆಧಾರಿನ ದುಡ್ಡು ಇಂಥ ಬ್ಯಾಂಕಿಗೆ ಅಂತ ದೇಶದ ಪಾವತಿ ವ್ಯವಸ್ಥೆಯಲ್ಲಿ ದಾಖಲಾಗಿದೆಯೋ, ಅಲ್ಲಿಗೆ ಹೋಗಿ ಬೀಳುತ್ತೆ. ಹಾಗಾಗಿ ನಿಂತಿದೆ ಅಂತ ಅತ್ತ ಪಿಂಚಣಿ ಎಷ್ಟೋ ಸಲ ಬೇರೆ ಬ್ಯಾಂಕಲ್ಲಿ ಸುಮ್ಮನೆ ಕೂತಿರುತ್ತೆ. ಬ್ಯಾಂಕಿನವರು "ಆಧಾರ್ ಲಿಂಕ್ ಆಗಿದೆ" ಅಂದರೆ ಅಷ್ಟಕ್ಕೇ ಎದ್ದು ಬರಬೇಡ. ಖಾತೆಗೆ ಆಧಾರ್ ನಂಬರ್ ಕೊಟ್ಟಿರೋದು ಬೇರೆ, ಮ್ಯಾಪಿಂಗ್ ಬೇರೆ. ಅಲ್ಲೂ ಸರಿ ಇದ್ದರೆ ಆಮೇಲೆ ನಾಡಕಚೇರಿ. ಆಧಾರ್‌ನಲ್ಲಿ ಒಂದು ಹೆಸರು, ಪಿಂಚಣಿ ಆದೇಶದಲ್ಲಿ ಇನ್ನೊಂದು ಇರೋದು ನಮ್ಮ ಕಡೆ ಸಾಮಾನ್ಯ. ಒಬ್ಬರೇ ಹೆಣ್ಣುಮಗಳು ಒಂದು ಕಾಗದದಲ್ಲಿ ಅಕ್ಕ, ಇನ್ನೊಂದರಲ್ಲಿ ಅವ್ವ, ಮತ್ತೊಂದರಲ್ಲಿ ಅಮ್ಮ. ಮತ್ತೆ, ನೀನೇ ಓಡಾಡಿ ಮಾಡಿಸಿಕೊಟ್ಟುಬಿಡಬೇಡ. ಜೊತೆಗೆ ಹೋಗು, ಕೌಂಟರಿನಲ್ಲಿ ಮಾತು ಅವರೇ ಆಡಲಿ. ಅರ್ಧ ಗಂಟೆ ಜಾಸ್ತಿ ಹಿಡಿಯುತ್ತೆ. ಮುಂದಿನ ಸಲ ನೀನಿರಲ್ಲ.

ಈ ಕೊನೇ ಸಾಲು ಬರೆದು ಸ್ವಲ್ಪ ಹೊತ್ತು ಪೆನ್ನು ಕೆಳಗಿಟ್ಟೆ.

ಪುಸ್ತಕದಲ್ಲಿ ಕೊನೇ ಹಂತಕ್ಕೆ ಟರ್ಮಿನೇಶನ್ ಅಂತಾರೆ, ಮುಕ್ತಾಯ. ಪರಿಚಯ, ಅಧ್ಯಯನ, ನಿರ್ಣಯ, ಮಧ್ಯಪ್ರವೇಶ, ಮೌಲ್ಯಮಾಪನ, ಮುಕ್ತಾಯ ಅಂತ ಬಾಣದ ಗುರುತು ಹಾಕಿ ಓದಿಬಿಡ್ತೀವಿ. ಆ ಮುಕ್ತಾಯ ಅಲ್ಲಿ ಕೆಲಸ ಮುಗಿದಾಗ ಬರಬೇಕು. ವಿದ್ಯಾರ್ಥಿಗೆ ಬರೋದು ಕ್ಷೇತ್ರಕಾರ್ಯದ ಗಂಟೆಗಳ ಲೆಕ್ಕ ಮುಗಿದಾಗ. ನಿನ್ನ ಹಾಜರಿ ಪುಸ್ತಕ ತುಂಬುತ್ತೆ, ಸಹಿ ಬೀಳುತ್ತೆ, ಮಾರನೇ ವಾರ ಪರೀಕ್ಷೆಗೆ ಓದೋಕೆ ಕೂರ್ತೀಯ. ಅಲ್ಲಿ ಒಬ್ಬರು ಮಂಗಳವಾರ ಸಂಜೆ ಬಾಗಿಲಿಗೆ ಸ್ಟೂಲು ತಂದಿಟ್ಟಿರ್ತಾರೆ. ಒರೆಸಿ ಇಟ್ಟಿರ್ತಾರೆ, ನೀನು ಬರೋನು ಅಂತ. ಮಾತಿನ ಓಘದಲ್ಲಿ "ಮುಂದಿನ ವಾರ ಬರ್ತೀನಿ ಅಜ್ಜೀ" ಅಂದಿರ್ತೀಯ. ಅದು ಅವರಿಗೆ ಎಂಟು ದಿನ ಕಾಯೋಕೆ ಸಾಕು. ಯಾವ ಊರು, ಯಾವ ಓಣಿ ಅಂತ ಕೇಳಬೇಡ, ಹೇಳಲ್ಲ. ನಾನು ಅಂದಿದ್ದೆ, ಹೋಗಲಿಲ್ಲ. ಆಫೀಸಿನಲ್ಲಿ ಮಾರ್ಚ್ ಕೆಲಸ ಅಂತ ಮೊದಲ ವಾರ ಹೋಗಲಿಲ್ಲ, ಆಮೇಲೆ ಹೋಗೋಕೆ ಮುಖ ಇರಲಿಲ್ಲ. ನನ್ನ ಬಲಗಡೆ ಪುಟದಲ್ಲಿ ಇವತ್ತಿಗೂ ಖಾಲಿ ಇರೋದು ಅದೊಂದೇ ದಿನ. ಇದನ್ನ ಇಲ್ಲಿ ಬರೆಯೋ ಯೋಚನೆ ಇರಲಿಲ್ಲ. ಬರೆದಾಯ್ತು, ಇರಲಿ.

ನೀನು ಹಾಗೆ ಮಾಡಬೇಡ. ಮೊದಲ ದಿನವೇ ಹೇಳು: "ನಾನು ಓದ್ತಾ ಇರೋನು, ಮಂಗಳವಾರ ಮಂಗಳವಾರ ಬರ್ತೀನಿ, ಒಟ್ಟು ಹತ್ತು ಸಲ." ಏಳನೇ ಸಲದಿಂದ ಪ್ರತಿ ಸಲ ನೆನಪಿಸು, ಇನ್ನು ಮೂರು, ಇನ್ನು ಎರಡು. ಕೊನೇ ಎರಡು ಭೇಟಿಗೆ ಒಬ್ಬನೇ ಹೋಗಬೇಡ. ಆಶಾ ಕಾರ್ಯಕರ್ತೆಯನ್ನೋ, ಹಳ್ಳಿಯಾದರೆ, ಅಂಗವಿಕಲರಿದ್ದ ಮನೆಯಾದರೆ, ಪಂಚಾಯ್ತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನೋ ಕರ್ಕೊಂಡು ಹೋಗಿ ಮುಖಪರಿಚಯ ಮಾಡಿಸು. ಒಂದು ದಪ್ಪ ರಟ್ಟಿನ ಮೇಲೆ ಎರಡೇ ನಂಬರ್ ಬೆರಳಗಲ ಅಕ್ಷರದಲ್ಲಿ ಬರೆದು ಗೋಡೆಗೆ ತಗಲಿಸು: ಹಿರಿಯರ ಸಹಾಯವಾಣಿ 14567, ಮನಸ್ಸಿನ ಕಷ್ಟಕ್ಕೆ ಟೆಲಿ ಮಾನಸ್ 14416. ಐದಾರು ನಂಬರ್ ಬರೆದರೆ ಯಾವುದಕ್ಕೂ ಮಾಡಲ್ಲ. ಅಲ್ಲೇ ಕೂತು ಅವರ ಕೈಯಲ್ಲೇ ಒಂದು ಸಲ ಡಯಲ್ ಮಾಡಿಸಿ ನೋಡು. ನಾನು ಈ ಮಂಗಳವಾರ ಆ ಕಡೆ ಹೋಗ್ತಿದೀನಿ, ಆಶಾ ಒಬ್ಬರನ್ನ ಕೇಳಿಕೊಂಡಿದೀನಿ.

ಸರಿ, ಸಾಕು ಇದು. ಭಾನುವಾರ ಬಂದುಬಿಡು. ಡಿಗ್ರಿ ಸರ್ಟಿಫಿಕೇಟು, ಎಲ್ಲ ಮಾರ್ಕ್ಸ್ ಕಾರ್ಡು, ಫೋಟೋ, ಬಿಳಿ ಹಾಳೆ ಮೇಲೆ ಸಹಿ ತಗೊಂಡು ಬಾ, ಇಲ್ಲೇ ಸ್ಕ್ಯಾನ್ ಮಾಡಿಸಿ ಆನ್‌ಲೈನಲ್ಲಿ ತುಂಬೋಣ. ಹೆಸರು ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಹೇಗಿದೆಯೋ ಹಾಗೇ ಹಾಕಬೇಕು, ಇನಿಷಿಯಲ್ ಹಿಂದೆ ಮುಂದೆ ಆಗಬಾರದು. ಸಂಜೆ ಮಂಡಕ್ಕಿ, ಮಿರ್ಚಿ ನನ್ನ ಲೆಕ್ಕ. ಮಳೆ ಬಂದ್ರೂ ಕೊಡೆ ಮಾತ್ರ ತರಬೇಡ ಮಾರಾಯ.

ನಿನ್ನ,
ಪಿ.ಬಿ. ರೋಡಿನ ಗೆಳೆಯ