ಅಂಪೈರ್ ದುಡ್ಡು ತಿಂದನಾ?

ಪ್ರೀತಿಯ ಪುಟ್ಟಾ,

ನಿನ್ನ ಮೆಸೇಜನ್ನು ಎರಡು ಸಲ ಓದಿದೆ. ಬೇಸ್‌ಬಾಲ್ ಆಟಕ್ಕೆ ಅರ್ಧ ಗಂಟೆ ಇರುವಾಗ ಬಾಜಿಯ ರೇಟು ತಿರುಗಿತು, ಕೊನೆಯಲ್ಲಿ ಅಂಪೈರ್ ಹೊರಗಿನ ಚೆಂಡಿಗೆ ಸ್ಟ್ರೈಕ್ (ಸರಿಯಾದ ಎಸೆತ ಅನ್ನೋ ತೀರ್ಪು) ಕೊಟ್ಟ, ಅವನು ದುಡ್ಡು ತಿಂದಿರೋದು ಗ್ಯಾರಂಟಿ ಅಂತ ಬರೆದಿದ್ದೀಯ. ತಡಿ ಮಾರಾಯ.

ರೇಟು ತಿರುಗೋಕೆ ಚೆಂಡು ಎಸೆಯುವ ಪಿಚರ್‌ಗೆ ಭುಜ ನೋವು ಅಂತ ಸುದ್ದಿ ಬಂದರೂ ಸಾಕು. ನಿಮ್ಮ ಶಿಕಾಗೋದ ರಿಗ್ಲಿ ಫೀಲ್ಡ್ ಮೈದಾನದಲ್ಲಿ ಗಾಳಿ ಒಳಗೆ ಬೀಸುತ್ತಾ ಹೊರಗೆ ಬೀಸುತ್ತಾ ಅನ್ನೋದರ ಮೇಲೇ ರನ್ನಿನ ಲೆಕ್ಕ ಬದಲಾಗುತ್ತದೆ. ಬ್ಯಾಟರ್ ಆಡುವ ಪ್ಲೇಟ್ ಹಿಂದೆ ಯಾವ ಅಂಪೈರ್ ನಿಲ್ಲುತ್ತಾರೆ ಅನ್ನೋದೂ ಒಂದು ಕಾರಣ. ಒಬ್ಬರ ಸ್ಟ್ರೈಕ್ ಝೋನ್, ಅಂದರೆ ಸ್ಟ್ರೈಕ್ ಅಂತ ಒಪ್ಪುವ ಜಾಗ, ದೊಡ್ಡದು, ಇನ್ನೊಬ್ಬರದು ಚಿಕ್ಕದು. ಬಾಜಿ ಕಟ್ಟುವವರು ಅದನ್ನೆಲ್ಲ ಬರೆದಿಟ್ಟಿರುತ್ತಾರೆ. ಅಂಪೈರ್ ಹೆಸರು ನೋಡಿ ದುಡ್ಡು ಸರಿಯಿತು ಅಂದರೆ ಅಂಪೈರೇ ಸರಿಸಿದ ಅಂತಲ್ಲ.

ನಾನೂ ಶಿವಮೊಗ್ಗದ ಲೀಗ್ ಮ್ಯಾಚುಗಳಲ್ಲಿ ಹದಿನೆಂಟು ವರ್ಷ ಬಿಳಿ ಕೋಟು ಹಾಕಿ ನಿಂತವನು. ಒಮ್ಮೆ ಒಬ್ಬ ಹುಡುಗನಿಗೆ ಎಲ್‌ಬಿ ಕೊಟ್ಟೆ. ಚೆಂಡು ಮೊದಲು ಬ್ಯಾಟಿಗೆ ತಾಗಿತ್ತಂತೆ. ಅದೇ ಹೊತ್ತಿಗೆ ರಸ್ತೆಯಲ್ಲಿ ಲಾರಿ ಹಾರ್ನ್ ಹೊಡೆದಿತ್ತು, ನನಗೆ ಕೇಳಲಿಲ್ಲ. ಸಂಜೆ ಬೌಲರ್‌ನ ಅಪ್ಪನ ಸ್ಕೂಟರಿನಲ್ಲಿ ಮನೆಗೆ ಹೋದೆ. ನಾನು ದುಡ್ಡು ತಿಂದೆ ಅನ್ನೋದಕ್ಕೆ ಅದೇ ಸಾಕ್ಷಿಯಾಯಿತು! ಬಸ್ ತಪ್ಪಿತ್ತು ಕಣೋ, ಅಷ್ಟೇ.

ಹಾಗಂತ ಎಲ್ಲರೂ ಹರಿಶ್ಚಂದ್ರರು ಅನ್ನುತ್ತಿಲ್ಲ. 1882ರಲ್ಲೇ ಡಿಕ್ ಹಿಗ್ಯಾಮ್ ಅನ್ನೋ ಅಂಪೈರನ್ನು ಅಮೆರಿಕದ ಬೇಸ್‌ಬಾಲ್‌ನ ನ್ಯಾಷನಲ್ ಲೀಗ್ ಹೊರಹಾಕಿತು. ಡೆಟ್ರಾಯಿಟ್ ತಂಡದ ಮಾಲೀಕ ಪತ್ತೇದಾರನನ್ನು ಬಿಟ್ಟು ಹುಡುಕಿಸಿದ. ಜೂಜುಕೋರನಿಗೆ ಬರೆದ ಕಾಗದ ಸಿಕ್ಕಿತು. ಕಾಗದ ಸಿಕ್ಕಿತು, ಗಮನಿಸು. ಮೊನ್ನೆ ಮೊನ್ನೆ, 2025ರ ಫೆಬ್ರವರಿಯಲ್ಲಿ, ಪ್ಯಾಟ್ ಹೋಬರ್ಗ್ ಅನ್ನೋ ಅಂಪೈರಿನ ಕೆಲಸ ಹೋಯಿತು. 2022ರ ವರ್ಲ್ಡ್ ಸೀರೀಸ್ ಫೈನಲ್ ಸರಣಿಯ ಎರಡನೇ ಆಟದಲ್ಲಿ 129 ಚೆಂಡಿಗೆ 129 ತೀರ್ಪೂ ಸರಿ ಕೊಟ್ಟವನು ಅವನು! ಬೇಸ್‌ಬಾಲ್ ಮೇಲೆ ಬಾಜಿ ಕಟ್ಟುತ್ತಿದ್ದ ಗೆಳೆಯನ ಜೊತೆ ಬೆಟ್ಟಿಂಗ್ ಖಾತೆ ಹಂಚಿಕೊಂಡಿದ್ದ, ಮೆಸೇಜು ಅಳಿಸಿದ್ದ ಅಂತ ಲೀಗ್ ಹೇಳಿತು. ಆಟ ಕೆಡಿಸಿದ್ದಕ್ಕೆ ಮಾತ್ರ ಸಾಕ್ಷಿ ಸಿಗಲಿಲ್ಲ.

ಅನುಮಾನ ಪಡಲೇಬೇಕು ಅಂದರೆ ಒಂದೊಂದು ಚೆಂಡಿನ ಮೇಲೆ ಕಟ್ಟುವ ಸಣ್ಣ ಬಾಜಿ ನೋಡು. ಇಡೀ ಆಟ ಕೆಡಿಸೋದು ಕಷ್ಟ, ಒಂದು ಚೆಂಡನ್ನು ನೆಲಕ್ಕೆ ಕುಕ್ಕೋದು ಸುಲಭ. 2025ರ ನವೆಂಬರಿನಲ್ಲಿ ಕ್ಲೀವ್‌ಲ್ಯಾಂಡಿನ ಇಬ್ಬರು ಪಿಚರ್‌ಗಳ ಮೇಲೆ ಕೇಸು ಬಿದ್ದಿದ್ದು ಅಂಥ ಆರೋಪಕ್ಕೇ. ಆಮೇಲೆ ಒಂದೊಂದು ಚೆಂಡಿನ ಬಾಜಿಗೆ 200 ಡಾಲರ್ ಮಿತಿ ಹಾಕಿದರು.

ಇನ್ನೊಂದು. 2026ರಿಂದ ಅಂಪೈರಿನ ಸ್ಟ್ರೈಕ್ ತೀರ್ಪನ್ನು ಪ್ರಶ್ನಿಸೋಕೆ ಪ್ರತಿ ತಂಡಕ್ಕೂ ಎರಡು ಚಾಲೆಂಜ್ ಇದೆ, ಗೆದ್ದರೆ ಉಳಿಯುತ್ತದೆ. ನಿನ್ನ ತಂಡದವರು ಮೂರನೇ ಇನಿಂಗ್ ಹೊತ್ತಿಗೇ ಎರಡನ್ನೂ ಕಳೆದುಕೊಂಡರು ಅಂತ ನೀನೇ ಬರೆದಿದ್ದೀಯ. ಸಿಟ್ಟು ಅವರ ಮೇಲೂ ಸ್ವಲ್ಪ ಬರಬೇಕಿತ್ತು, ಅಲ್ವಾ?

ಮೊದಲೆಲ್ಲ ನೀನು ಸುಮ್ನೆ ಆಟ ನೋಡುತ್ತಿದ್ದೆ, ಅಂಪೈರ್ ಹೆಸರೂ ನಿನಗೆ ಗೊತ್ತಿರಲಿಲ್ಲ. ಈಗ ಅವನ ಊರು ಕೇರಿ ಎಲ್ಲ ಬಾಯಿಪಾಠ. ಆ ಬಾಜಿ ಆ್ಯಪನ್ನು ಫೋನಿನಿಂದ ತೆಗೆದುಹಾಕು. ದುಡ್ಡು ಎಷ್ಟು ಹೋಯಿತು ಅನ್ನೋದೊಂದನ್ನು ನೀನು ಬರೆದಿಲ್ಲ. ನನಗೆ ಹೇಳು, ಅಕ್ಕನ ಕಿವಿಗೆ ಹಾಕೋದಿಲ್ಲ.

ನಿನ್ನ ಮಾವ