ನೆಲಮಾಳಿಗೆಯ ತೇವಕ್ಕೆ ಬಣ್ಣ ಮದ್ದಲ್ಲ

ಮಾನ್ಯರೇ,

ನಮ್ಮ ಬೆಂಗಳೂರಿನ ಮನೆಯ ನೆಲಮಾಳಿಗೆಯನ್ನು ಓದುವ ಕೋಣೆಯಾಗಿಸಲು ಹೊರಟ ನಾನು, ಗುತ್ತಿಗೆದಾರರೊಬ್ಬರ ಮಾತು ನಂಬಿ ಒಳಗೋಡೆಗೆ ಜಲನಿರೋಧಕ ಬಣ್ಣ ಬಳಿಸಿದೆ. ಒಂದೇ ಮಳೆಗಾಲಕ್ಕೆ ಅದು ಹಪ್ಪಳದಂತೆ ಎದ್ದು, ಹಿಂದಿನಿಂದ ಬಿಳಿ ಉಪ್ಪು ಉದುರಿತು. ಗೋಡೆಗೆ ಪ್ಲಾಸ್ಟಿಕ್ ಹಾಳೆಯೊಂದನ್ನು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಎರಡು ದಿನ ಬಿಟ್ಟರೆ, ಹನಿಗಳು ಹಾಳೆಯ ಹಿಂಬದಿಯಲ್ಲಿ ಮೂಡಿದಲ್ಲಿ ನೀರು ಮಣ್ಣಿನಿಂದ ಬರುತ್ತಿದೆಯೆಂದೂ ಮುಂಬದಿಯಲ್ಲಿ ಮೂಡಿದಲ್ಲಿ ಕೋಣೆಯ ಗಾಳಿಯದೆಂದೂ ತಿಳಿಯುತ್ತದೆ. ಗಾಳಿಯದಾದರೆ ಎಕ್ಸಾಸ್ಟ್ ಫ್ಯಾನ್ ಸಾಕಾದೀತು. ಮಣ್ಣಿನದಾದರೆ ಚಾವಣಿಯ ನೀರನ್ನು ಪಾಯದಿಂದ ದೂರ ಹರಿಸಿ, ಗೋಡೆಯ ಹೊರಮೈಯನ್ನು ಅಗೆದು ಲೇಪ ಕೊಡಿಸಿ, ಬುಡಕ್ಕೆ ಜಲ್ಲಿಯ ಕಾಲುವೆ ಮಾಡಿಸದೆ ಗತ್ಯಂತರವಿಲ್ಲ. ಇಷ್ಟಾದರೂ ಅಲ್ಲಿ ಮಲಗುವ ಕೋಣೆ ಬೇಡವೆಂಬುದು, 2022ರ ಸೆಪ್ಟೆಂಬರ್‌ನಲ್ಲಿ ನಗರದ ನೆಲಮಾಳಿಗೆಗಳು ಮುಳುಗಿದ್ದನ್ನು ಕಂಡ ನನ್ನ ಅಭಿಪ್ರಾಯ.

– ಓದುಗ, ಬೆಂಗಳೂರು